ಘಟ್ಟ ಹತ್ತುವವರೆಗೂ ಡಾಬು ಇಳಿಯದು

ಆ ದಿನವೂ ನನ್ನ ಬೆಳಗು ಇಂಜೆಕ್ಷನ್ ಸೂಜಿಗಳನ್ನು ಕುದಿಯಲು ಇಡುವುದರಿಂದಲೇ ಶುರುವಾಯಿತು. ನಮ್ಮವರು ಹೊಸಪೇಟೆಯಲ್ಲಿ ಡಾಕ್ಟರು. ಅವರ ಸೂಜಿ, ಗಾಜಿನ ಸಿರಿಂಜು, ಇಕ್ಕಳಗಳನ್ನು ಹಿತ್ತಾಳೆಯ ಪಾತ್ರೆಯಲ್ಲಿ ಕುದಿಸುವ ಕೆಲಸ ನನ್ನದು. ಆ ಪಾತ್ರೆಯನ್ನು ಅಡುಗೆಮನೆಗೆ ಸೇರಿಸಲು ಮಾವನವರು ಒಪ್ಪದ ಕಾರಣ ಹಿತ್ತಲ ಬಾಗಿಲ ಪಕ್ಕದಲ್ಲಿ ಅದಕ್ಕೇ ಒಂದು ಪುಟ್ಟ ಒಲೆ ಇತ್ತು. ನೀರು ಕುದಿಯುವಾಗ ಸೂಜಿಗಳು ತಳಕ್ಕೆ ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಸದ್ದು ಬದಲಾದರೆ ನೀರು ಬತ್ತುತ್ತಿದೆ ಎಂದು ಅರ್ಥ. ಹಾಗಾಗಿ ಕಾಫಿ ಸೋಸುವಾಗಲೂ ಹಾಲು ಕಾಯಿಸುವಾಗಲೂ ನನ್ನ ಒಂದು ಕಿವಿ ಹಿತ್ತಲಿನಲ್ಲೇ ಇರುತ್ತಿತ್ತು.

ಅಂದು ಮುಂಬಾಗಿಲಿಗೆ ಎಂದಿಗಿಂತ ದೊಡ್ಡ ರಂಗೋಲಿ ಹಾಕಿದ್ದೆ. "ಮೋಟಾರು ನಿಲ್ಲೋ ಅಷ್ಟು ಜಾಗ ಬಿಟ್ಟು ಹಾಕಮ್ಮಾ" ಎಂದು ಮಾವನವರು ಹಿಂದಿನ ದಿನವೇ ಹೇಳಿದ್ದರು. ನಮ್ಮ ಮನೆಗೆ ಮೊದಲ ಕಾರು ಬರುವ ದಿನ ಅದು. ತಟ್ಟೆಯಲ್ಲಿ ಅರಿಸಿನ, ಕುಂಕುಮ, ಹೂವು, ಕರ್ಪೂರ, ತೆಂಗಿನಕಾಯಿ ಸಿದ್ಧವಾಗಿದ್ದವು. ಒಂಬತ್ತು ಗಂಟೆಯ ಒಳಗೆ ಪೂಜೆ ಮುಗಿಯಬೇಕು, ಆಮೇಲೆ ರಾಹುಕಾಲ.

ಕಾರು ಬೇಕು ಎಂದು ಮೊದಲು ಬಾಯಿ ಬಿಟ್ಟವಳು ನಾನೇ. ನಮ್ಮವರು ಹಂಪಿ, ಕಂಪ್ಲಿ, ಮರಿಯಮ್ಮನಹಳ್ಳಿಯ ರೋಗಿಗಳನ್ನು ನೋಡಲು ಜಟಕಾದಲ್ಲಿ ಹೋಗುತ್ತಿದ್ದರು. ಒಂದು ಮಳೆಗಾಲ ಕಂಪ್ಲಿಯಿಂದ ಹೆರಿಗೆಗೆ ಕರೆ ಬಂತು. ದಾರಿಯಲ್ಲಿ ಜಟಕಾದ ಚಕ್ರ ಎರೆಮಣ್ಣಿನಲ್ಲಿ ಹೂತುಹೋಯಿತು. ಇವರು ತಲುಪುವ ಹೊತ್ತಿಗೆ ಆ ಮನೆಯ ಮುಂದೆ ಅಳು ಎದ್ದು ಜನ ಕೂಡಿಯಾಗಿತ್ತು. ವಾಪಸು ಬಂದವರು ಊಟಕ್ಕೆ ಕೂರಲಿಲ್ಲ. ಚೀಲದಿಂದ ಸಾಮಾನುಗಳನ್ನು ತೆಗೆದು ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಒಂದನ್ನೂ ಬಳಸಿರಲಿಲ್ಲ. ಮರುದಿನ ನಾನು ನನ್ನ ತಾಯಿ ಮದುವೆಯಲ್ಲಿ ಕೊಟ್ಟಿದ್ದ ಚಿನ್ನದ ಡಾಬನ್ನು ಪೆಟ್ಟಿಗೆಯಿಂದ ತೆಗೆದು ಅವರ ಮುಂದೆ ಇಟ್ಟೆ. ಸೊಂಟಕ್ಕೆ ಕಟ್ಟುವ ಆ ಪಟ್ಟಿ ಬಿಟ್ಟರೆ ನನ್ನದು ಎನ್ನುವಂಥ ಚಿನ್ನ ಬೇರೆ ಇರಲಿಲ್ಲ. ತಾಯಿ ಆಗಲೇ ತೀರಿಹೋಗಿದ್ದಳು. ಅರ್ಧ ಮಾವನವರು ಹಾಕುವುದು, ಇನ್ನರ್ಧಕ್ಕೆ ಡಾಬು ಮಾರುವುದು ಎಂದು ತೀರ್ಮಾನವಾಯಿತು.

ಡಾಬು ಕೊಡುವವಳಿಗೆ ಯಾವ ಕಾರು ಎಂದು ಹೇಳುವ ಹಕ್ಕೂ ಇದ್ದೀತು ಎಂದು ನಾನು ತಿಳಿದಿದ್ದೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ನಮ್ಮವರು ಓಡಾಡುವ ದಾರಿಗಳನ್ನು ಬರೆದೆ. ಕಂಪ್ಲಿಯದು ಕಾಲುವೆ ದಂಡೆ, ಕೆಸರು. ಹಂಪಿಯದು ಕಲ್ಲು. ಸಂಡೂರಿಗೆ ಘಟ್ಟ. ಅದರ ಕೆಳಗೆ, ಗಾಡಿ ನೆಲದಿಂದ ಎತ್ತರವಾಗಿರಬೇಕು, ನಾಲ್ಕು ಜನ ಹಿಡಿಸಿದರೆ ಸಾಕು, ರಿಪೇರಿ ಸಾಮಾನು ಬಳ್ಳಾರಿಯಲ್ಲೇ ಸಿಗಬೇಕು ಎಂದು ಬರೆದು ಮಾವನವರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಎಲ್ಲಾ ಬರದೀ. ಬಣ್ಣಾನ ಬರೀಲಿಲ್ಲಲ್ಲಮ್ಮಾ?" ಎಂದು ನಕ್ಕು, ಕಾಗದ ಮಡಿಚಿ ಪಂಚಾಂಗದೊಳಗೆ ಇಟ್ಟರು. ಅದು ಅಲ್ಲಿಂದ ಹೊರಗೆ ಬಂದದ್ದನ್ನು ನಾನು ಕಾಣಲಿಲ್ಲ.

ಮಾವನವರು ಕೆಟ್ಟವರಲ್ಲ. ತಾಲ್ಲೂಕು ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಕಂಪ್ಲಿಯಲ್ಲಿ ಗದ್ದೆ ಇದ್ದವರು. ಎತ್ತುಗಳನ್ನು ಆರಿಸುವುದರಲ್ಲಿ ಅವರ ಮಾತಿಗೆ ಸುತ್ತಲ ಊರುಗಳಲ್ಲಿ ಬೆಲೆ ಇತ್ತು. ಆದರೆ ಕಾರನ್ನೂ ಅವರು ಎತ್ತಿನ ಹಾಗೆಯೇ ವ್ಯಾಪಾರ ಮಾಡಿದರು. ಬಳ್ಳಾರಿಗೆ ಒಬ್ಬರೇ ಹೋಗಿ, ದಲಾಲಿ ತೋರಿಸಿದ ಕಾರಿನ ಸುತ್ತ ಒಂದು ಸುತ್ತು ಬಂದು, ಅದರ ಪಕ್ಕೆಗೆ ಎರಡು ಸಲ ತಟ್ಟಿ, ದನದ ಸಂತೆಯಲ್ಲಿ ಮಾಡುವಂತೆ ಶಲ್ಯದ ಕೆಳಗೆ ದಲಾಲಿಯ ಬೆರಳು ಹಿಡಿದು ಬೆಲೆ ಮುಗಿಸಿಬಂದಿದ್ದರು. ಶಲ್ಯದ ಕೆಳಗೆ ಹಿಡಿದ ಬೆರಳು ಎಷ್ಟು ಎಂದು ಮೂರನೆಯವರಿಗೆ ತಿಳಿಯುವಂತಿಲ್ಲ. ನಮ್ಮವರಿಗೂ ತಿಳಿದಿರಲಿಲ್ಲ.

"ಮಾತು ಕೊಟ್ಟಾಗ್ಯದ. ನಾಡಿದ್ದು ಗಾಡಿ ಬರ್ತದ, ಅಕ್ಕಸಾಲಿಗನೂ ಬರ್ತಾನ" ಎಂದಷ್ಟೇ ಹೇಳಿದರು.

ದಲಾಲಿ ಎಂಟು ಗಂಟೆಗೆ ಬಂದ. ಕಾರು ದೊಡ್ಡದು, ಏಳು ಜನ ಕೂರುವಂಥದು, ಮೇಲೆ ಬಟ್ಟೆಯ ಹೊದಿಕೆ. ಕಡುಹಸಿರು ಬಣ್ಣ ಎಷ್ಟು ಹೊಸದೆಂದರೆ ಬೀದಿಯ ಬೇವಿನ ಮರ ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಜನ ಕೂಡಿದರು. ಪಕ್ಕದ ಮನೆಯಾಕೆ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವರ ಹೆಂಡತಿ, ಮೊರ ಹಿಡಿದುಕೊಂಡೇ ಕಟ್ಟೆಗೆ ಬಂದು ನಿಂತಳು.

"ಕಂಟೋನ್ಮೆಂಟಿನ ದೊರೆಸಾನಿ ಗಾಡಿರೀ ಯಜಮಾನ್ರ" ಎಂದು ದಲಾಲಿ ಗಟ್ಟಿಯಾಗಿ ಹೇಳಿದ, ಬೀದಿಗೆಲ್ಲ ಕೇಳಲಿ ಎಂದು. "ಆಯಿತಾರಕ್ಕೊಮ್ಮೆ ಚರ್ಚಿಗೆ, ಬೇಸ್ತವಾರಕ್ಕೊಮ್ಮೆ ಕ್ಲಬ್ಬಿಗೆ. ಅಷ್ಟ! ಮಳಿ ಕಂಡಿಲ್ಲ, ಧೂಳು ಕಂಡಿಲ್ಲ. ಮಸ್ತ್ ಗಾಡಿ!"

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅವನು ಇಳಿದು ಬಂದಿದ್ದರೂ ಎಂಜಿನ್ನು ಓಡುತ್ತಲೇ ಇತ್ತು.

ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಅಲ್ಲಿ ಒಂದು ಹಳೆಯ ಕಾರಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ತೋಳು ಮಡಿಚಿ ಬಾನೆಟ್ಟಿನೊಳಗೆ ಬಗ್ಗಿದರೆ, ಸ್ಪ್ಯಾನರು ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸ ನನಗೆ ಬೀಳುತ್ತಿತ್ತು, ಹೊಲಿಗೆಯನ್ನು ನಾನು ಬೇಗ ಮುಗಿಸುತ್ತಿದ್ದೆನಾದ್ದರಿಂದ. ತಣ್ಣಗಿರುವ ಎಂಜಿನ್ನು ಸುಳ್ಳು ಹೇಳುವುದಿಲ್ಲ, ಬಿಸಿಯಾದದ್ದು ಹೇಳುತ್ತದೆ ಎಂಬುದನ್ನು ನಾನು ಕಲಿತದ್ದು ಅವರಿಂದ.

"ಎಂಜಿನ್ ಸ್ವಲ್ಪ ನಿಲ್ಲಿಸ್ತೀರಾ?" ಎಂದು ಕೇಳಿದೆ.

ದಲಾಲಿ ಮಾವನವರ ಕಡೆ ನೋಡಿದ. "ಅಮ್ಮಾರ, ಶುಭಕ್ಕ ಬಂದ ಗಾಡಿ. ಪೂಜಿ ಆಗೋ ಮುಂಚೆ ಬಾಗಿಲಾಗ ಉಸುರು ನಿಲ್ಲಸಬಾರದ್ರಿ."

ಮಾವನವರು ತಲೆದೂಗಿದರು. "ಹೌದಮ್ಮಾ, ಅವ ಹೇಳೋದು ಖರೇ. ತಟ್ಟಿ ಇತ್ಲಾಗ ತಾ, ಹೊತ್ತಾಗ್ತದ."

ಕಾಯಿ ಒಡೆದು ಕುಂಕುಮ ಹಚ್ಚಿದರೆ ಗಾಡಿ ನಮ್ಮದು. ದೇವರ ಮುಂದೆ ನಮ್ಮದು ಎಂದು ಒಪ್ಪಿಕೊಂಡದ್ದನ್ನು ಹಿಂದಕ್ಕೆ ಕೊಡುವುದು ನಮ್ಮ ಮನೆಯಲ್ಲಿ ಆಗದ ಮಾತು. ಇದು ದಲಾಲಿಗೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನ ಕಣ್ಣು ನನ್ನ ಕೈಯ ತಟ್ಟೆಯ ಮೇಲೆಯೇ ಇತ್ತು. ನಾನು ತಟ್ಟೆಯನ್ನು ಒಳಗೆ ಒಯ್ದು ದೇವರ ಮುಂದೆ ಇಟ್ಟೆ. ಕೋಣೆಗೆ ಹೋಗಿ, ಅಕ್ಕಸಾಲಿಗನಿಗೆ ಕೊಡಲೆಂದು ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚಿದೆ. ಮದುವೆಯಾದ ಮೇಲೆ ನಾಲ್ಕೈದು ಸಲವೂ ತೊಡದಿದ್ದ ಡಾಬನ್ನು ಸೀರೆಯ ಮೇಲೆ ಸೊಂಟಕ್ಕೆ ಕಟ್ಟಿ, ಕೊಂಡಿ ಹಾಕಿ ಹೊರಗೆ ಬಂದೆ.

"ಮಾವನೋರೇ, ಈ ಗಾಡಿ ನಿಲ್ಲಬೇಕು, ಆರಬೇಕು, ಮತ್ತ ಎದ್ದು ಸಂಡೂರಿನ ಘಟ್ಟ ಹತ್ತಬೇಕು. ಅಲ್ಲೀತನಕ ಈ ಡಾಬು ಇಳಿಯೋದಿಲ್ಲ."

ನಮ್ಮವರು ಕನ್ನಡಕ ತೆಗೆದು ಒರೆಸತೊಡಗಿದರು. ತಂದೆಯ ಎದುರು ಏನೂ ತೋಚದಾಗ ಅವರು ಮಾಡುತ್ತಿದ್ದುದೇ ಅದು.

"ಏನಮ್ಮಾ ಇದು, ಬೀದ್ಯಾಗ? ಶಲ್ಯದ ಕೆಳಗ ಬೆರಳು ಹಿಡದು ಬಂದೀನಿ. ಐವತ್ತು ವರ್ಷದಾಗ ಹಿಡದ ಬೆರಳು ಒಮ್ಮೆನೂ ಬಿಟ್ಟಿಲ್ಲ."

"ಬಿಡ್ರಿ ಅಂತ ನಾ ಎಲ್ಲಂದೆ? ಎತ್ತಾಗಿದ್ರ ನೀವು ಗಾಡಿಗೆ ಹೂಡದನ ಹಗ್ಗ ಹಿಡಿತಿದ್ರೇನು? ಹೋದ ವರ್ಷ ಹೊಸ ಎತ್ತು ತಂದಾಗ ಕಲ್ಲು ಹೇರಿಸಿ ಕಾಲುವಿ ಏರಿ ಮೂರು ಸಲ ಹತ್ತಿಸಿದ್ರಿ. ಇದಕ್ಕ ಬಣ್ಣ ಒಂದು ಸಾಕೇನು?"

ಕಟ್ಟೆಯ ಮೇಲಿಂದ ಯಾರೋ ಮುದುಕರು "ಅದ್ಯಾಕೋ ಆಕಿ ಹೇಳೋದು ಬರೋಬ್ಬರಿ ಐತಿ" ಎಂದರು. ಎತ್ತಿನ ವಿಷಯ ಬಂದರೆ ಮಾವನವರಿಂದ ಸುಳ್ಳು ಹೇಳಲಾಗುತ್ತಿರಲಿಲ್ಲ. ಅವರು ದಲಾಲಿಯತ್ತ ತಿರುಗಿ, "ನಿಲ್ಲಸಪಾ" ಎಂದರು.

ಎಂಜಿನ್ನು ನಿಂತಿತು. ಅದು ಆರುವಷ್ಟು ಹೊತ್ತು ದಲಾಲಿಯನ್ನು ಕೂರಿಸುವುದು ಕಷ್ಟವಾಗಲಿಲ್ಲ. ಮಂಡಕ್ಕಿಗೆ ಒಗ್ಗರಣೆ ಹಾಕಿ ಎಲೆಯ ತುಂಬ ಬಡಿಸಿದೆ, ಮೆಣಸಿನಕಾಯಿ ಬಜ್ಜಿ ಕರಿದೆ, ಎರಡು ಸಲ ಕಾಫಿ ಕೊಟ್ಟೆ. "ಸಾಕ್ರೀ ಅಮ್ಮಾರ" ಎನ್ನುತ್ತಲೇ ಅವನು ಎಲ್ಲವನ್ನೂ ಮುಗಿಸಿದ. ಅಷ್ಟರಲ್ಲಿ ರಾಹುಕಾಲ ಬಂದು ಹೋಯಿತು.

ಆ ಬಿಡುವಿನಲ್ಲಿ ನಾನು ಕಾರಿನೊಳಗೆ ಹತ್ತಿ ಕುಳಿತೆ. ನೆಲಕ್ಕೆ ಹೊಸ ಚಾಪೆ ಹಾಸಿದ್ದರು. ಎತ್ತಿ ನೋಡಿದರೆ ಹಲಗೆಯಲ್ಲಿ ಅಂಗೈಯಗಲದ ತೂತು, ಅದರಲ್ಲಿ ನಮ್ಮ ಬೀದಿ ಕಾಣುತ್ತಿತ್ತು. ಬ್ರೇಕಿನ ಪೆಡಲು ನಡುವೆ ಬಟ್ಟಲಿನಂತೆ ಸವೆದಿತ್ತು. ವಾರಕ್ಕೆರಡು ಸಲ ಒತ್ತಿದರೆ ಕಬ್ಬಿಣ ಅಷ್ಟು ಸವೆಯುವುದಿಲ್ಲ. ಸೀಟಿನ ಹೊಲಿಗೆಯ ಸಂದಿಯಲ್ಲಿ ಬಿಳಿಯ ಕರವಸ್ತ್ರದ ತುದಿ ತೂರಿಸಿ ತಿರುಗಿಸಿದೆ. ಕೆಂಪಾಗಿ ಬಂತು. ಮನೆಯ ಬಟ್ಟೆ ಒಗೆಯುವವಳಿಗೆ ಊರೂರಿನ ಧೂಳು ಗೊತ್ತಿರುತ್ತದೆ. ಬಳ್ಳಾರಿಯ ಬೀದಿಯದು ಕೊಡವಿದರೆ ಉದುರುತ್ತದೆ. ಸಂಡೂರಿನ ಗುಡ್ಡದ ಕೆಂಪು ಮೂರು ಸಲ ಸೋಡಾ ಹಾಕಿ ಕುದಿಸಿದರೂ ನೂಲಿನಿಂದ ಬಿಡುವುದಿಲ್ಲ. ಕರವಸ್ತ್ರವನ್ನು ನಮ್ಮವರ ಕೈಗೆ ಕೊಟ್ಟೆ. ಅವರು ಅದನ್ನು ನೋಡಿ, ನನ್ನ ಮುಖ ನೋಡಿ, ಕನ್ನಡಕ ಹಾಕಿಕೊಂಡರು.

"ಅಪ್ಪಾ, ನಾವೂ ಬರ್ತೀವಿ ಘಟ್ಟಕ್ಕ, ಇಬ್ಬರೂ" ಎಂದರು. ಅವರಿಂದ ಅಷ್ಟು ಬಂದದ್ದೇ ನನಗೆ ದೊಡ್ಡದಾಯಿತು.

ತಣ್ಣಗಾದ ಕಾರನ್ನು ಎಬ್ಬಿಸಲು ದಲಾಲಿ ಮುಂದುಗಡೆ ಹ್ಯಾಂಡಲು ಸಿಕ್ಕಿಸಿ ತಿರುಗಿಸಿದ. ತಿರುಗಿಸಿದ, ಮತ್ತೆ ತಿರುಗಿಸಿದ. ಅಂಗಿ ಬೆನ್ನಿಗೆ ಅಂಟಿತು. "ಊರು ಹೊಸಾದೈತಲ್ರಿ, ಸ್ವಲ್ಪ ನಾಚ್ಕೊಂತೈತಿ" ಎಂದ. ಪಕ್ಕದ ಮನೆಯಾಕೆ ಮೊರದಿಂದ ಕಣ್ಣೆತ್ತದೆ, "ಹೊಸ ಸೊಸಿನೂ ಇಷ್ಟೊತ್ತು ನಾಚ್ಕೊಳ್ಳೋದಿಲ್ಲ ಬಿಡಪಾ" ಎಂದಳು. ಬೀದಿಯೆಲ್ಲ ನಕ್ಕಿತು. ಕಡೆಗೆ ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ ಎದ್ದಿತು. ಹೊಗೆ ನೀಲಿಯಾಗಿತ್ತು, ಒಳಗೆ ಎಣ್ಣೆ ಸುಡುತ್ತಿರುವುದರ ಗುರುತು.

ಮಾವನವರೂ ಆಗ ತಮ್ಮ ಕಸುಬಿಗೆ ಬಂದಿದ್ದರು. "ಹೇರು ಇಲ್ಲದ ಪರೀಕ್ಷಾ ಪರೀಕ್ಷಾನ ಅಲ್ಲ" ಎಂದು ಕಂಪ್ಲಿಯಿಂದ ಬಂದಿದ್ದ ಭತ್ತದ ಎರಡು ಚೀಲಗಳನ್ನು ಹಿಂದೆ ಹಾಕಿಸಿದರು. ದಲಾಲಿ "ಯಜಮಾನ್ರ, ಇದು ಚಕ್ಕಡಿ ಅಲ್ರೀ" ಎಂದು ಬೇಡಿಕೊಂಡರೂ ಕೇಳಲಿಲ್ಲ. ಮುಂದೆ ಅವರು ಮತ್ತು ದಲಾಲಿ, ಹಿಂದೆ ಚೀಲಗಳ ನಡುವೆ ನಾವಿಬ್ಬರು.

ಊರು ದಾಟುವವರೆಗೆ ಕಾರು ಸೊಗಸಾಗಿಯೇ ಓಡಿತು. ಮಾವನವರು ತಿರುಗಿ ನನ್ನ ಕಡೆ ನೋಡಿದರು, ಈಗೇನಂತೀ ಎನ್ನುವ ಹಾಗೆ. ಒಂದು ಕ್ಷಣ ನನಗೂ ಅಳುಕಾಯಿತು. ಗಾಡಿ ಹತ್ತಿಬಿಟ್ಟರೆ ನಾನು ಬೀದಿಯಲ್ಲಿ ಹಿರಿಯರ ಮಾನ ಕಳೆದವಳಾಗುತ್ತಿದ್ದೆ, ಅಷ್ಟೇ. ಆದರೂ ಹತ್ತಿದರೆ ಹತ್ತಲಿ, ಆಗ ನಾನೇ ಡಾಬು ಬಿಚ್ಚಿಕೊಡುತ್ತೇನೆ ಎಂದು ಗಟ್ಟಿಮಾಡಿಕೊಂಡೆ. ಕೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳುವವಳಲ್ಲ.

ಘಟ್ಟ ಶುರುವಾಯಿತು. ಎದುರಿನಿಂದ ಮ್ಯಾಂಗನೀಸು ಅದಿರು ಹೇರಿದ ಗಾಡಿಗಳು ಸಾಲಾಗಿ ಇಳಿಯುತ್ತಿದ್ದವು, ಹೊಸಪೇಟೆ ಸ್ಟೇಷನ್ನಿಗೆ. ಮೊದಲ ತಿರುವಿನಲ್ಲಿ ಕಾರು ಗೊರಗೊರ ಎಂದಿತು. ಎರಡನೆಯ ತಿರುವಿನಲ್ಲಿ ಮುಂದಿನಿಂದ ಬುಸ್ಸೆಂದು ಹಬೆ ಎದ್ದು ಗಾಜು ಮುಚ್ಚಿತು. ದಲಾಲಿ ಬ್ರೇಕು ತುಳಿದ. ಕಾರು ನಿಂತಿತು, ಆಮೇಲೆ ಯಾರಿಗೂ ಹೇಳದೆ ಮೆಲ್ಲನೆ ಹಿಂದಕ್ಕೆ ಜಾರತೊಡಗಿತು. ನಮ್ಮವರು ಧುಮುಕಿ ದೊಡ್ಡ ಕಲ್ಲೊಂದನ್ನು ಚಕ್ರಕ್ಕೆ ಕೊಟ್ಟರು. ನಾನು ಇಳಿದಾಗ ನನ್ನ ಚಪ್ಪಲಿಯ ಒಂದು ಉಂಗುಷ್ಠ ಹರಿದಿತ್ತು. ಅದನ್ನು ಸರಿಮಾಡಿಕೊಳ್ಳುತ್ತಿರುವಾಗ ಅದಿರು ಗಾಡಿಯವನೊಬ್ಬ ಎತ್ತುಗಳನ್ನು ನಿಲ್ಲಿಸಿ ಕೆಳಗೆ ಹಾರಿದ. ಕಾರನ್ನು ಹಿಂದಿನಿಂದ ಮುಂದಕ್ಕೆ ನೋಡಿದ.

"ಏ, ಇದು ನಮ್ಮ ಗಣಿ ಮೋಟಾರಲ್ಲೇನು? ಬಣ್ಣ ಬಳಕೊಂಡು ಬಂದೈತಿ! ಇದಕ್ಕ ಇನ್ನಾ ಜೀವ ಐತಾ?"

"ಯಾವ ಗಣಿಯೋ? ಸುಮ್ನ ಹೋಗೋ ಮಾರಾಯ" ಎಂದ ದಲಾಲಿ.

"ಲೇ, ಎರಡು ವರ್ಷ ಇದರ ಹಿಂದ ಧೂಳು ಕುಡದೀನಿ, ನನಗ ಹೇಳ್ತೀಯಾ? ಎಡಗಡೆ ಬಾಗಲಕ್ಕ ಒಳಗಿನ ಹಿಡಿಕಿ ಇಲ್ಲ, ನೋಡ್ಕೋ. ಬ್ರೇಕು ಹಾಕಿಸ್ಯಾರೇನ್ರಿ ಸ್ವಾಮಿ? ನಮ್ಮ ಕಾಲದಾಗ ಇರಲಿಲ್ಲ."

ಎಡಗಡೆಯ ಬಾಗಿಲಿಗೆ ಒಳಗೆ ಹಿಡಿಕೆ ಇರಲಿಲ್ಲ. ಅಷ್ಟೂ ದೂರ ಮಾವನವರು ಅದರ ಪಕ್ಕದಲ್ಲೇ ಕುಳಿತಿದ್ದರು.

ಮಾವನವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಹಬೆಯಾಡುತ್ತಿದ್ದ ಬಾನೆಟ್ಟಿನ ಮುಂದೆ ನಿಂತು, ಭುಜದ ಶಲ್ಯವನ್ನು ಕೊಡವಿ ಮತ್ತೆ ಹಾಕಿಕೊಂಡರು.

"ಹೂಡಿದಾಗ ಮಲಗಿದ ಎತ್ತಿಗೆ ಮಾತು ನಿಲ್ಲೋದಿಲ್ಲಪಾ. ಇದು ಸಂತ್ಯಾಗ ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಗಾಡಿ ನಿನಗ."

"ಹೆಣ್ಮಕ್ಕಳ ಮಾತು ಕಟಗೊಂಡು ಒಳ್ಳೆ ಗಾಡಿ ಕಳಕೊಂಡ್ರಿ ಯಜಮಾನ್ರ" ಎಂದ ದಲಾಲಿ.

"ಒಳ್ಳೇದಾದ್ರ ಮ್ಯಾಲಕ್ಕ ಒಯ್ದು ಕೂಗಿ ಹೇಳು, ಕೇಳಿಸ್ಕೋತೀನಿ" ಎಂದೆ ನಾನು. ಹೊರಗಿನ ಗಂಡಸೊಬ್ಬನಿಗೆ ನಾನು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ನಮ್ಮವರು ಕೆಮ್ಮು ಬಂದವರಂತೆ ಬಾಯಿಗೆ ಕೈ ಅಡ್ಡ ಹಿಡಿದರು.

ಆ ಕಾರಿನಲ್ಲಿ ಕೂತು ಇಳಿಯಲು ನಾವು ಯಾರೂ ಒಪ್ಪಲಿಲ್ಲ. ಅದಿರು ಗಾಡಿಯವನು ಭತ್ತದ ಚೀಲಗಳನ್ನು ಹೇರಿಕೊಂಡು, "ಕುಂದ್ರಿ ಅಮ್ಮಾರ, ಇದು ಉಸುರು ಬಿಡೋದಿಲ್ಲ" ಎಂದು ನಮ್ಮನ್ನೂ ಹತ್ತಿಸಿಕೊಂಡ. ಕಪ್ಪು ಅದಿರಿನ ಮೇಲೆ ಚೀಲ, ಚೀಲದ ಮೇಲೆ ನಾನು. ಊರು ಹತ್ತಿರವಾದಾಗ ಮಾವನವರು ಮುಂದಕ್ಕೆ ನೋಡುತ್ತಲೇ, "ಬೀದ್ಯಾಗ ಹಂಗ ಮಾತಾಡಬಾರದಿತ್ತು" ಎಂದರು.

"ಮನ್ಯಾಗ ಬರದು ಕೊಟ್ಟಿದ್ದೆ ಮಾವನೋರೇ" ಎಂದೆ.

ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ಮನೆಗೆ ಕಾರು ಬಂದದ್ದು ಮುಂದಿನ ಬೇಸಿಗೆಯಲ್ಲಿ. ನಾಲ್ಕು ಸೀಟಿನದು, ಬಣ್ಣ ಮಾಸಿದ್ದು, ಬಳ್ಳಾರಿಯ ವಕೀಲರೊಬ್ಬರು ಮಾರಿದ್ದು. ಅದನ್ನು ನಸುಕಿನಲ್ಲಿ ಹೇಳದೆ ಕೇಳದೆ ಅವರ ಮನೆಗೇ ಹೋಗಿ ನೋಡಿದೆವು, ಬಾನೆಟ್ಟು ಇನ್ನೂ ಇಬ್ಬನಿಯಲ್ಲಿ ತಣ್ಣಗಿರುವಾಗ. ಚಾಪೆ ಎತ್ತಿ ನೋಡಿದೆ. ಕಾಗದದಲ್ಲಿದ್ದ ನಂಬರು ಎಂಜಿನ್ನಿನ ಮೇಲೆ ಕೊರೆದ ನಂಬರಿಗೆ ಸರಿಹೊಂದುತ್ತದೆಯೇ ಎಂದು ನಮ್ಮವರು ದೀಪ ಹಿಡಿದು ಓದಿದರು. ಬೆಲೆಯನ್ನು ಎಲ್ಲರ ಎದುರು ಬಾಯಿಬಿಟ್ಟು ಮಾತಾಡಿದೆವು. ಅದು ಘಟ್ಟ ಹತ್ತಿದ ದಿನ ಡಾಬನ್ನು ನಾನೇ ಬಿಚ್ಚಿ ಕೊಟ್ಟೆ, ಕೊಟ್ಟದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಹೆಂಗಸರಿಗೆ ಯಂತ್ರದ ಸಂಗತಿ ಯಾಕೆ ಎಂದು ಆಮೇಲೂ ಎಷ್ಟೋ ಜನ ಕೇಳಿದ್ದಾರೆ. ಮೊದಲ ಸಲ ಕಾರು ಕೊಳ್ಳುವವರಿಗೆ, ಗಂಡಸಾಗಲಿ ಹೆಂಗಸಾಗಲಿ, ಬೇಕಾದ್ದು ಯಂತ್ರದ ವಿದ್ಯೆಗಿಂತ ಹೆಚ್ಚಾಗಿ, ಕಾಯಿ ಒಡೆಯುವ ಮೊದಲು "ತಡೆಯಿರಿ" ಎನ್ನುವ ಬಾಯಿ. ಅಷ್ಟನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಆ ಮೊದಲ ಘಟ್ಟದ ಸಂಜೆ ಅದಿರು ಗಾಡಿಯಿಂದ ಮನೆಯ ಮುಂದೆ ಇಳಿದಾಗ ನನ್ನ ಸೀರೆ ಮಂಡಿಯವರೆಗೆ ಕಪ್ಪು, ಸೆರಗು ಕೆಂಪು. ಕಾರು ಇಲ್ಲದ್ದು ಎಲ್ಲರಿಗೂ ಕಾಣುತ್ತಿತ್ತು. ಮಾವನವರು ಕಾಲು ತೊಳೆದು ಸಂಧ್ಯಾವಂದನೆಗೆ ಕುಳಿತರು. ನಾನು ಸ್ನಾನ ಮುಗಿಸಿ, ಹಿತ್ತಲಿನಲ್ಲಿ ಸೀರೆ ನೆನೆಹಾಕುತ್ತಿದ್ದೆ. ಗೋಡೆಯಾಚೆ ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸೆರಗಿನ ತುದಿಯನ್ನೂ ಪೂರ್ತಿ ಬಿಡಲಿಲ್ಲ.

"ನಮ್ಮನಿಯವರು ಗಿರಣಿಗೆ ಲಾರಿ ತರ್ತೀನಂತ ಕುಣ್ಯಾಕ ಹತ್ಯಾರ್ರಿ. ಮೊದ್ಲು ಪಕ್ಕದ ಮನಿ ಅಕ್ಕಾರಿಗೆ ತೋರಿಸ್ರಿ, ಆಮ್ಯಾಲೆ ಏನರ ಮಾಡ್ಕೊರಿ ಅಂದೀನಿ" ಎಂದಳು. "ಶುಕ್ರವಾರ ಪುರಸೊತ್ತೈತಾ ನಿಮಗ?"